ಹೊನ್ನೂರಸ್ವಾಮಿಯ ಹೂಂಕಾರ

ಹೊನ್ನೂರಸ್ವಾಮಿಯ ತೊಂದರೆಗಳಿಗೆಲ್ಲ ಮೂಲ ಅವನ ಗಂಟಲಿನಲ್ಲಿದ್ದ ಒಂದು ‘ಹೂಂ’.

ಹಗರಿಬೊಮ್ಮನಹಳ್ಳಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಅವನಿಗೆ ಕೆಲಸ. ಅಲ್ಲಿ ಗಟ್ಟಿಯಾಗಿ ಮಾತಾಡುವಂತಿಲ್ಲ. ಪುಸ್ತಕ ಬೇಕು ಅಂದರೆ ಹೂಂ, ಪುಸ್ತಕ ಹರಿದಿದೆ ಅಂದರೆ ಹೂಂ, ಪ್ರಿನ್ಸಿಪಾಲರು ಬೈದರೂ ಹೂಂ. ಹೀಗೆ ಅಂದು ಅಂದು ಆ ಸದ್ದು ಬಾವಿಯ ರಾಟೆಯ ಹಾಗೆ ಅವನೊಳಗೆ ಕೂತುಬಿಟ್ಟಿತ್ತು. ಯಾರು ಹಗ್ಗ ಎಳೆದರೂ ಕಿರ್ ಎನ್ನುತ್ತಿತ್ತು. ಅವನ ಮಟ್ಟಿಗೆ ಹೂಂ ಎಂದರೆ ‘ಕೇಳಿಸ್ತು’ ಎಂದಷ್ಟೇ ಅರ್ಥ. ಅವನ ಊರಾದ ತಂಬ್ರಹಳ್ಳಿಯ ಜನರಿಗೆ ಮಾತ್ರ ಅದು ಒಪ್ಪಿಗೆ. ಹೀಗಾಗಿ ಅವನು ತನಗೇ ಗೊತ್ತಿಲ್ಲದೆ ಒಂದು ಕ್ರಿಕೆಟ್ ತಂಡಕ್ಕೆ ಗೌರವಾಧ್ಯಕ್ಷನಾಗಿದ್ದ, ಯಾರದೋ ಮದುವೆಯಲ್ಲಿ ಪಾತ್ರೆಗಳ ಉಸ್ತುವಾರಿ ಹೊತ್ತಿದ್ದ, ಪಕ್ಕದ ಮನೆಯವರು ಯಾತ್ರೆಯಿಂದ ಬರುವವರೆಗೆ ಅವರ ಹುಂಜವನ್ನು ಸಾಕಿದ್ದ.

ಆ ಭಾನುವಾರ ಬೆಳಿಗ್ಗೆ ಮಾತ್ರ ಅವನ ಉತ್ಸಾಹ ಹಿಡಿಯುವಂತಿರಲಿಲ್ಲ. ಊರ ಹೊರಗಿನ ತಮ್ಮ ದಾಳಿಂಬೆ ತೋಟಕ್ಕೆ ಸಣ್ಣ ಟ್ರ್ಯಾಕ್ಟರ್ ತರುವ ದಿನ ಅದು. ದೊಡ್ಡ ಟ್ರ್ಯಾಕ್ಟರ್ ಒಳಗೆ ನುಗ್ಗಿದರೆ ಸಾಲಿನ ಕೊಂಬೆಗಳೆಲ್ಲ ಮುರಿದು, ತೋಟ ಕುಸ್ತಿ ಮುಗಿದ ಕಣದಂತೆ ಕಾಣುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಸಂಬಳದಲ್ಲಿ ಉಳಿಸಿ ಉಳಿಸಿ ಒಂದು ಟ್ರ್ಯಾಕ್ಟರಿಗೆ ಆಗುವಷ್ಟು ಕೂಡಿಸಿದ್ದರು. ಒಂದಕ್ಕೆ ಮಾತ್ರ. ಹೊನ್ನೂರಸ್ವಾಮಿ ತಿಂಡಿ ತಿನ್ನುವಾಗಲೂ ತಟ್ಟೆಯನ್ನು ಸ್ಟೇರಿಂಗಿನಂತೆ ತಿರುಗಿಸಿದ. ಅರ್ಧ ಒಗ್ಗರಣೆ ಮಂಡಕ್ಕಿ ನೆಲಕ್ಕೆ ಬಿತ್ತು.

ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಅವನ ಹೆಂಡತಿ ಯಶೋಧರಾಗೆ ಅಂದು ತರಬೇತಿ ಇತ್ತು. ಬಸ್ ನಿಲ್ದಾಣಕ್ಕೆ ಬಂದ ಮೇಲೆ, ಸಹಿ ಮಾಡಿದ ಚೆಕ್ಕನ್ನು ಗಂಡನ ಜೇಬಿಗೆ ತಾನೇ ಇಟ್ಟು ಹೇಳಿದಳು:

“ಕೇಳ್ರಿ. ಕೊಟ್ಟೂರಿನ ಶೋರೂಮಿಗೆ ಹೋಗೋದು, ಹೊಸಾದು ತರೋದು. ಯಾರೋ ಬಳಸಿ ಬಿಟ್ಟಿದ್ದು ನಮಗ ಬ್ಯಾಡ. ದಾರ್‍ಯಾಗ ಯಾರು ಏನ ಕೇಳಿದ್ರೂ ಹೂಂ ಅನ್ನಬ್ಯಾಡ್ರಿ. ತಿಳೀತಾ?”

“ಹೂಂ” ಎಂದ ಹೊನ್ನೂರಸ್ವಾಮಿ.

ಯಶೋಧರಾ ಅವನ ಮುಖವನ್ನೇ ಒಂದು ಕ್ಷಣ ನೋಡಿ, ನಿಟ್ಟುಸಿರು ಬಿಟ್ಟು ಬಸ್ ಹತ್ತಿದಳು.

ಅವನ ಬಸ್ಸು ಬರುವ ಮೊದಲೇ ಸೋದರಮಾವ ಓಬಣ್ಣ ಬಂದ. ಓಬಣ್ಣನಿಗೆ ಸ್ವಂತ ಕೆಲಸ ಕಡಿಮೆ, ಊರವರ ಕೆಲಸ ಜಾಸ್ತಿ.

“ಎಲ್ಲಿಗೆ ಹೊಂಟೀಯಲೇ ಅಳಿಯಾ, ಇಸ್ತ್ರಿ ಅಂಗಿ ಹಾಕ್ಕೆಂಡು?”

“ಕೊಟ್ಟೂರಿಗೆ ಮಾವ. ಸಣ್ಣ ಟ್ರ್ಯಾಕ್ಟರ್... ಹೊಸಾದು.”

“ಹೊಸಾದಾ!” ಓಬಣ್ಣ ಬೆಚ್ಚಿಬಿದ್ದ. “ಲೇ, ಹೊಸಾ ಟ್ರ್ಯಾಕ್ಟರು ಅಂದ್ರ ಹೊಸಾ ಅಳಿಯ ಇದ್ದಂಗ. ಮುಟ್ಟಿದ್ರ ಸಿಟ್ಟು, ಕೆಲಸ ಹೇಳಿದ್ರ ಸಂಕಟ. ಹಳೇದು ಅಂದ್ರ ಹಳೇ ಎತ್ತು. ಬಾಯಿ ಬಿಡದs ಮನಿ ದಾರಿ ಹಿಡೀತೈತಿ. ಗುರುಸಂಗಪ್ಪ ತನ್ನ ಸಣ್ಣ ಟ್ರ್ಯಾಕ್ಟರು ಮಾರಾಕ ಇಟ್ಟಾನ. ಸುಮ್ನ ನೋಡಿ ಬರಾಣ ಬಾ. ನೋಡಿದ್ರ ಕಣ್ಣು ಸವೀತಾವೇನು?”

“ಹೂಂ” ಎಂದ ಹೊನ್ನೂರಸ್ವಾಮಿ. ಕಣ್ಣು ಸವೆಯುವುದಿಲ್ಲ ಎಂಬುದು ನಿಜವೇ ಆಗಿತ್ತು.

ಗುರುಸಂಗಪ್ಪ ಊರಿನ ಅನುಕೂಲಸ್ಥ ರೈತ, ಮಾತಿನಲ್ಲಿ ಇನ್ನೂ ಅನುಕೂಲಸ್ಥ. ಕೊಟ್ಟಿಗೆಯಲ್ಲಿ ಸಣ್ಣ ಟ್ರ್ಯಾಕ್ಟರು ಬಣ್ಣ ಮಾಸಿ, ಊಟ ಮಾಡಿ ಮಲಗಿದ ಎಮ್ಮೆಯಂತೆ ನಿಂತಿತ್ತು. ಓಬಣ್ಣ ಎತ್ತು ನೋಡುವ ಹಾಗೆಯೇ ಅದನ್ನು ನೋಡಿದ. ಬಾನೆಟ್ ಎತ್ತಿ ಹಲ್ಲು ಎಣಿಸುವವನಂತೆ ಬಗ್ಗಿದ, ಹಿಂದಿನ ಗಾಲಿಗೆ ಅಂಗೈಯಿಂದ ಬಡಿದ, ಬೆನ್ನ ಮೇಲೆ ಸುಳಿ ಹುಡುಕುವವನಂತೆ ಸೀಟು ಸವರಿದ.

“ಸುಳಿಶುದ್ಧ ಐತಿ” ಎಂದು ತೀರ್ಪು ಕೊಟ್ಟ.

ಗುರುಸಂಗಪ್ಪ ಹೊನ್ನೂರಸ್ವಾಮಿಯನ್ನು ಹಗ್ಗದ ಹೊರಸಿನ ಮೇಲೆ ಕೂಡಿಸಿ ಕಥೆ ಶುರು ಮಾಡಿದ. “ನೋಡ್ರಿ ಸ್ವಾಮಿ, ಈ ಗಾಡಿ ನನ್ನ ಮಗ ಇದ್ದಂಗ.”

“ಹೂಂ.”

“ಉಳ್ಳಾಗಡ್ಡಿ ಹೊಲದಾಗ ಹೂತ ಲಾರೀನ ಎಳದು ತಗದೈತಿ.”

“ಹೂಂ!” ಹೊನ್ನೂರಸ್ವಾಮಿ ಕಣ್ಣರಳಿಸಿದ. ಕಥೆ ನಿಜಕ್ಕೂ ಚೆನ್ನಾಗಿತ್ತು.

“ಎಷ್ಟು ಮಂದಿ ಬಂದು ಕೇಳಿದ್ರೂ ಕೊಟ್ಟಿಲ್ಲ. ಓದಿಕೊಂಡೋರ ಕೈಯಾಗ ಇರ್ಲಿ ಅಂತ ನನ್ನ ಆಸೆ.”

“ಹೂಂ.”

“ಹಂಗಾರ ಇದು ನಿಮ್ಮದs ಆತು?”

“ಹೂಂ.”

ರಾಟೆ ತನ್ನ ಪಾಡಿಗೆ ತಾನು ತಿರುಗಿಬಿಟ್ಟಿತ್ತು. ಹೊನ್ನೂರಸ್ವಾಮಿ ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಗುರುಸಂಗಪ್ಪ ಅವನ ಕೈಗೆ ಎಲೆ ಅಡಿಕೆ ಇಟ್ಟಾಗಿತ್ತು, ಓಬಣ್ಣ ಅವನ ಬಾಯಿಗೆ ಸಕ್ಕರೆ ಹಾಕಿಯಾಗಿತ್ತು. ಆ ಕಡೆ ಕೈಯಲ್ಲಿ ಎಲೆ ಹಿಡಿದರೆ ವ್ಯಾಪಾರ ಮುಗಿದಂತೆ. ಛಾಪಾಕಾಗದ ಅದರ ಮುಂದೆ ಸಂತೆ ಚೀಟಿ.

“ರೊಕ್ಕ ನಾಳೆ ಕೊಡ್ರಿ, ಅವಸರಿಲ್ಲ. ಗಾಡಿ ಇವತ್ತs ನಿಮ್ಮ ಮನಿ ಮುಂದ ನಿಲ್ತೈತಿ” ಎಂದ ಗುರುಸಂಗಪ್ಪ.

ಹೊನ್ನೂರಸ್ವಾಮಿಯ ಬಾಯಲ್ಲಿದ್ದ ಸಕ್ಕರೆ ಸುಣ್ಣದಂತಾಯಿತು. ಆದರೂ ಬಸ್ಸಿನಲ್ಲಿ ಕೂತು ಗಾಳಿಗೆ ಮುಖ ಒಡ್ಡಿದಾಗ ತಲೆ ಸ್ವಲ್ಪ ತಿಳಿಯಾಯಿತು. ಹೋಗಲಿ, ಹಳೆಯದೇ ಇರಲಿ. ಲಾರಿ ಎಳೆದ ಗಾಡಿ! ಯಶೋಧರಾಳನ್ನು ಹೇಗೋ ಒಪ್ಪಿಸಿದರಾಯಿತು. ಆದರೆ ಶೋರೂಮಿನ ಹುಡುಗಿಗೆ ಬರುತ್ತೇನೆಂದು ಫೋನಿನಲ್ಲಿ ಹೇಳಿದ್ದ. ಪಾಪ, ಕಾಯುತ್ತಿರುತ್ತಾಳೆ. ಹೋಗಿ ಮುಖ ತೋರಿಸಿ, ಬೇಡವೆಂದು ಮರ್ಯಾದೆಯಿಂದ ಹೇಳಿ ಬಂದರೆ ಅದು ಸಜ್ಜನಿಕೆ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ ಬದಲಿಸಿ ಕೊಟ್ಟೂರಿನಲ್ಲಿ ಇಳಿಯುವವರೆಗೂ ಅವನು ‘ಬ್ಯಾಡ’ ಎಂಬ ಮಾತನ್ನು ಬಾಯಲ್ಲೇ ಹೊರಳಿಸುತ್ತಿದ್ದ.

ಶೋರೂಮಿನ ಅಮೃತಾ ಬಾಗಿಲಲ್ಲೇ ನಿಂತಿದ್ದಳು. ಆಕೆಯ ಮಾತಿಗೆ ಬ್ರೇಕ್ ಇರಲಿಲ್ಲ.

“ಬರ್ರಿ ಸರ್! ನಿಮ್ಮದs ದಾರಿ ಕಾಯಾಕತ್ತಿದ್ದೆ.”

“ಅದು... ನಾನು ಏನಂದ್ರ...”

“ಮೊದ್ಲು ಮ್ಯಾಲ ಕೂಡ್ರಿ ಸರ್, ಆಮ್ಯಾಲ ಮಾತು!”

ಅವನು ಕೂತ. ಅಲ್ಲಿಗೆ ಸಜ್ಜನಿಕೆ ಮುಗಿಯಿತು. ಹೊಸ ಸೀಟಿನ ಮೇಲಿನ ಪ್ಲಾಸ್ಟಿಕ್ ಚರಕ್ ಎಂದಿತು. ಕೀಲಿ ತಿರುಗಿಸಿದೊಡನೆ ಇಂಜಿನ್ನಿನ ನಡುಕ ಅಂಗಾಲಿನಿಂದ ಹತ್ತಿ, ಬೆನ್ನುಹುರಿಯಲ್ಲಿ ಸಾಗಿ, ಕಿವಿಯ ತುದಿಯಲ್ಲಿ ನಿಂತಿತು. ಶೋರೂಮಿನ ನೆಲ ಅವನ ಕಣ್ಣಿಗೆ ಕಾಣಲಿಲ್ಲ. ದಾಳಿಂಬೆ ಸಾಲು ಕಂಡಿತು, ಕೆಂಪು ಹೂ ಕಂಡಿತು, ಒಂದು ಕೊಂಬೆಗೂ ತಾಗದೆ ಸಾಗುತ್ತಿರುವ ತಾನು ಕಂಡ. ಕಣ್ಣಲ್ಲಿ ನೀರು ಬಂತು.

“ಸಾಲಿನಾಗ ಆರಾಮ ತಿರುಗತೈತಿ ಸರ್.”

“ಹೂಂ.”

“ಉಳಿದ ಕಾಗದಪತ್ರ ಎಲ್ಲಾ ನಾವs ಮಾಡಿಸಿ ಕೊಡ್ತೀವಿ.”

“ಹೂಂ.”

“ಮೇಡಂ ಚೆಕ್ ಕಳಿಸ್ತಾರ ಅಂತ ಫೋನಿನಾಗ ಅಂದಿದ್ರಲ್ಲ, ಜೇಬಿನಾಗ ಕಾಣಾಕತ್ತೈತಿ, ತಗೊಳ್ಲಾ ಸರ್?”

“ಹೂಂ” ಎಂದ ಹೊನ್ನೂರಸ್ವಾಮಿ. ಆಗ ಅವನು ತೋಟದ ಮೂರನೆಯ ಸಾಲಿನ ಕೊನೆಯಲ್ಲಿ ತಿರುವು ತೆಗೆದುಕೊಳ್ಳುತ್ತಿದ್ದ.

ಎಚ್ಚರವಾದಾಗ ಅವನ ಕೊರಳಲ್ಲಿ ಚೆಂಡು ಹೂವಿನ ಹಾರವಿತ್ತು, ಟ್ರ್ಯಾಕ್ಟರಿನ ಕೊರಳಲ್ಲೂ ಇತ್ತು. ಫೋಟೋ ತೆಗೆಯುತ್ತಿದ್ದ ಅಮೃತಾ “ನಗ್ರಿ ಸರ್” ಎಂದಳು. ಅವನು ನಕ್ಕ. ಆ ಫೋಟೋದಲ್ಲಿ ಟ್ರ್ಯಾಕ್ಟರೇ ಹೆಚ್ಚು ಧೈರ್ಯವಾಗಿ ಕಾಣುತ್ತದೆ.

ಶೋರೂಮಿನ ಡ್ರೈವರ್ ಗಾಡಿ ಹೊಡೆದ, ಹೊನ್ನೂರಸ್ವಾಮಿ ಮಡ್‌ಗಾರ್ಡಿನ ಮೇಲೆ ಕೂತು ದಾರಿಯುದ್ದಕ್ಕೂ ಒಮ್ಮೆ ಹಿಗ್ಗಿದ, ಒಮ್ಮೆ ಕುಗ್ಗಿದ. ಏರಿನಲ್ಲಿ ಹಿಗ್ಗು, ಇಳಿಜಾರಿನಲ್ಲಿ ಎಲೆ ಅಡಿಕೆಯ ನೆನಪು. ತಂಬ್ರಹಳ್ಳಿಯ ಮನೆ ತಲುಪಿದಾಗ ಅಂಗಳದಲ್ಲಿ ಗುರುಸಂಗಪ್ಪನ ಹಳೆಯ ಗಾಡಿ ಆಗಲೇ ಬಂದು ನಿಂತಿತ್ತು. ಅದರ ಮೇಲೆ ಓಬಣ್ಣ ಕಾಲು ಮೇಲೆ ಕಾಲು ಹಾಕಿ ಕೂತಿದ್ದ. ಹೊಸದು ಅದರ ಎದುರಿಗೇ ಹೋಗಿ ನಿಂತಿತು. ಬೀಗರು ಮೊದಲ ಸಲ ಮುಖಾಮುಖಿ ಕೂತ ಹಾಗಿತ್ತು. ಡ್ರೈವರ್ ಕೀಲಿಯನ್ನು ಗಾಡಿಯಲ್ಲೇ ಬಿಟ್ಟು ಬಸ್ ಹಿಡಿಯಲು ಓಡಿದ.

ತರಬೇತಿ ಮುಗಿಸಿ ಆಗಲೇ ಮನೆ ಸೇರಿದ್ದ ಯಶೋಧರಾ ಹೊರಗೆ ಬಂದು ಎರಡನ್ನೂ ನೋಡಿದಳು. ಗಣಿತದ ಟೀಚರಾದ್ದರಿಂದ ಮತ್ತೊಮ್ಮೆ ಎಣಿಸಿದಳು. ಎರಡೇ ಇದ್ದವು.

“ನಾನು ನಿಮಗ ಹೊಸಾದು ತರಾಕ ಹೇಳಿದ್ದೆ.”

“ತಂದೀನಲ್ಲ” ಎಂದ ಹೊನ್ನೂರಸ್ವಾಮಿ ಮೆಲ್ಲಗೆ.

“ಮತ್ತ ಅದು?”

“ಅದು... ಕೇಳಿಸಿಕೊಂಡಿದ್ದು.”

ಅಷ್ಟು ಹೊತ್ತಿಗೆ ಓಣಿಯ ಅರ್ಧ ಜನ ಅಂಗಳದಲ್ಲಿದ್ದರು. ಹಳೇದಿರಲಿ ಅಂದರು ಕೆಲವರು, ಹೊಸದಿರಲಿ ಅಂದರು ಕೆಲವರು, ಚಹಾ ಇರಲಿ ಅಂದರು ಹಲವರು. ಓಬಣ್ಣನ ಬಾಯಿಂದ ಎಲೆ ಅಡಿಕೆಯ ಕಥೆಯನ್ನೆಲ್ಲ ಕೇಳಿದ ಯಶೋಧರಾ ಗಂಡನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು.

“ಹೊಸಾದಕ್ಕ ರೊಕ್ಕ ಹೋಗೇತಿ, ಅದು ಇರ್ಲಿ. ಗುರುಸಂಗಪ್ಪನೋರಿಗೆ ನೀವು ಬ್ಯಾಡ ಅನ್ನಬೇಕು. ನಾನು ಅಂದ್ರ ನಡಿಯಂಗಿಲ್ಲ, ಎಲಿ ಹಿಡಿದ ಕೈಯೇ ವಾಪಸ್ ಕೊಡಬೇಕು. ಅನ್ರಿ ನೋಡೋಣ, ಊಹೂಂ.”

“ಊ...”

“ಹೊಟ್ಟಿಯಿಂದ ಬರಬೇಕು. ನನ್ನ ಸರ ಅಡ ಇಡೋ ಪ್ರಸಂಗ ಬಂದೈತಿ ಅಂತ ತಿಳಕಂಡು ಅನ್ರಿ.”

“ಊಹೂಂ!”

“ಹಂಗ! ಇನ್ನೊಂದ್ಸಲ. ‘ಊಹೂಂ, ಆಗಂಗಿಲ್ಲ.’”

ಅವನು ಗೋಡೆಗೆ ಹೇಳಿದ, ಗಡಿಯಾರಕ್ಕೆ ಹೇಳಿದ, ಕನ್ನಡಿಗೆ ಹೇಳಿದ. ಕನ್ನಡಿಯೊಳಗಿನವನು ಸ್ವಲ್ಪ ಹೆದರಿದ. ಜೀವನದಲ್ಲಿ ಮೊದಲ ಬಾರಿಗೆ ಹೊನ್ನೂರಸ್ವಾಮಿಗೆ ಎದೆ ಉಬ್ಬಿತು. ಇಷ್ಟು ಸಲೀಸಾದ ಮಾತನ್ನು ಇಷ್ಟು ವರ್ಷ ಏಕೆ ಬಳಸಲಿಲ್ಲ ಎಂದುಕೊಂಡ.

ಆಗಲೇ ಹೊರಗೆ ಗುರುಸಂಗಪ್ಪನ ಬೈಕಿನ ಸದ್ದಾಯಿತು.

“ಬಂದ್ರು! ಹೋಗ್ರಿ. ನಾನು ಚಹಾ ತರ್ತೀನಿ. ಅವರು ಏನs ಅನ್ಲಿ, ನೀವು ಅನ್ನೋದು ಒಂದs ಮಾತು” ಎಂದು ಯಶೋಧರಾ ಅಡುಗೆಮನೆಗೆ ಧಾವಿಸಿದಳು.

ಹೊನ್ನೂರಸ್ವಾಮಿ ಅಂಗಳಕ್ಕೆ ಬಂದು, ಪದ್ಯ ಒಪ್ಪಿಸುವ ಹುಡುಗನಂತೆ ಕೈ ಕಟ್ಟಿ, ಕಣ್ಣು ಮುಚ್ಚಿ ನಿಂತ. ಒಳಗೆ ಒಂದೇ ಜಪ: ಊಹೂಂ ಆಗಂಗಿಲ್ಲ, ಊಹೂಂ ಆಗಂಗಿಲ್ಲ.

ಗುರುಸಂಗಪ್ಪ ಬೆಳಗಿನ ಗುರುಸಂಗಪ್ಪನಾಗಿರಲಿಲ್ಲ. ಮುಖ ಬಾಡಿತ್ತು. ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ, ತಗ್ಗಿದ ದನಿಯಲ್ಲಿ ಶುರು ಮಾಡಿದ:

“ಸ್ವಾಮಿ, ಹೆಂಗ ಹೇಳಲಿ... ನನ್ನ ಹೆಂಡ್ತಿ ನಾಗಲಿಂಗಮ್ಮ ಹರಪನಳ್ಳಿಯಿಂದ ಈಗ ಬಂದ್ಲು. ಕೊಟ್ಟಿಗಿ ಖಾಲಿ ನೋಡಿ ಒಲಿ ಹಚ್ಚಿಲ್ಲ. ಅದು ಅವರಣ್ಣ ಕೊಡಿಸಿದ್ದ ಗಾಡಿ. ಕೊಟ್ಟ ಮಾತು ತಪ್ಪಬಾರದು, ಖರೆ. ಆದ್ರ ನೀವು ದೊಡ್ಡ ಮನಸ್ಸು ಮಾಡಿದ್ರ... ಗಾಡಿ ವಾಪಸ್ ಒಯ್ಲೇನ್ರಿ?”

“ಊಹೂಂ!” ಎಂದು ಗುಡುಗಿದ ಹೊನ್ನೂರಸ್ವಾಮಿ. “ಆಗಂಗಿಲ್ಲ!”

ಹೊಸ ಟ್ರ್ಯಾಕ್ಟರಿನ ಮೇಲೆ ಕೂತಿದ್ದ ಕಾಗೆ ಹಾರಿಹೋಯಿತು. ಗುರುಸಂಗಪ್ಪ ಟವೆಲನ್ನು ಹೆಗಲಿಗೆ ಹಾಕಿಕೊಂಡು, ಮೆಲ್ಲಗೆ ಎರಡೂ ಕೈ ಜೋಡಿಸಿದ.

“ಭಲೇ ಸ್ವಾಮಿ! ನಾನು ಎಲಿ ಕೊಟ್ಟು ಹಿಂದಕ್ಕ ಸರದೆ, ನೀವು ಸರೀಲಿಲ್ಲ. ನನಗ ನಾಚಿಕಿ ಆಗಬೇಕು. ಇನ್ನ ಕೇಳಂಗಿಲ್ಲ. ನಾಳೆ ನಿಮ್ಮ ರೊಕ್ಕ ಬರ್ತೈತಲ್ಲ, ಅದಕ್ಕ ಒಂದಿಷ್ಟು ಕೂಡಿಸಿ ಆಕಿಗೆ ಹೊಸಾದು ಕೊಡಿಸ್ತೀನಿ!”

ಮುಖವರಳಿಸಿಕೊಂಡು ಬೈಕ್ ಹತ್ತಿ ಹೊರಟೇಬಿಟ್ಟ. ಹೋಗುತ್ತ ಸಿಕ್ಕಸಿಕ್ಕವರಿಗೆಲ್ಲ ಹೊನ್ನೂರಸ್ವಾಮಿಯ ಮಾತಿನ ಗಟ್ಟಿತನ ಸಾರುತ್ತಿದ್ದುದು ಓಣಿಯ ತಿರುವಿನವರೆಗೂ ಕೇಳಿಸಿತು.

ಒಳಗಿನಿಂದ ಗಂಡನ ಗರ್ಜನೆ ಕೇಳಿದ್ದ ಯಶೋಧರಾ ಚಹಾದ ತಟ್ಟೆ ಹಿಡಿದು ಓಡಿಬಂದಳು. ಮದುವೆಯಾದಾಗಿನಿಂದ ಆಕೆಯ ಮುಖ ಅಷ್ಟು ಬೆಳಗಿದ್ದನ್ನು ಯಾರೂ ನೋಡಿರಲಿಲ್ಲ.

“ಅಂದ್ರಲ್ಲ! ಕಡಿಗೂ ಅಂದ್ರಲ್ಲ! ಏನಂದ್ರು ಅವರು?”

ಹೊನ್ನೂರಸ್ವಾಮಿ ಕಣ್ಣು ತೆರೆದ. “ನಾನು ಕೇಳಿಸಿಕೊಂಡಿಲ್ಲ” ಎಂದ ಹೆಮ್ಮೆಯಿಂದ.

ಕೇಳಿಸಿಕೊಂಡಿದ್ದ ಓಬಣ್ಣ ಒಂದಕ್ಷರ ಬಿಡದೆ ಹೇಳಿದ. ಯಶೋಧರಾ ಚಹಾದ ತಟ್ಟೆಯನ್ನು ಹಳೆಯ ಟ್ರ್ಯಾಕ್ಟರಿನ ಬಾನೆಟ್ ಮೇಲೆ ನಿಧಾನವಾಗಿ ಇಟ್ಟು, ಕೊರಳಿನ ಸರವನ್ನು ಮುಟ್ಟಿ ನೋಡಿಕೊಂಡು ಒಳಗೆ ಹೋದಳು.

ಓಬಣ್ಣ ಒಂದು ಲೋಟ ಚಹಾ ಎತ್ತಿಕೊಂಡು, ಅಳಿಯನ ಹೆಗಲ ಮೇಲೆ ಪ್ರೀತಿಯಿಂದ ಕೈ ಹಾಕಿದ.

“ಆಗಿದ್ದೆಲ್ಲಾ ಒಳ್ಳೇದಕ್ಕs ಬಿಡಲೇ. ನಿನಗ ಕೆಲಸಕ್ಕ ಒಂದು ಸಾಕು. ನಾಳೆ ನನ್ನ ಮೆಕ್ಕಿಜೋಳದ ಹೊಲಕ್ಕ ಇನ್ನೊಂದು ಬೇಕಾಗೈತಿ. ಈಗ ಹೇಳು, ಹೊಸಾದು ಒಯ್ಲೋ, ಹಳೇದು ಒಯ್ಲೋ?”

ಹೊನ್ನೂರಸ್ವಾಮಿ ಬಾಯಿ ತೆರೆದ. ಹೂಂ ಅಂದರೂ ಆಗುವುದಿಲ್ಲ, ಊಹೂಂ ಅಂದರೂ ಆಗುವುದಿಲ್ಲ. ಅವನು ಬಾಯಿ ತೆರೆದುಕೊಂಡೇ ನಿಂತಿರುವಾಗ, ಓಬಣ್ಣ ಹೊಸದರ ಮೇಲೆ ಹತ್ತಿ ಕೀಲಿ ತಿರುಗಿಸಿದ.