ಕುಬೇರಪ್ಪನ ಹತ್ತಿರ ಉಳಿದ ಪೈಪು

ಹಿರೇಬೆಂಡಿಗೇರಿಯ ಕುಬೇರಪ್ಪ ಹಿಟ್ಟಿನ ಗಿರಣಿ ಚಾಲೂ ಮಾಡಿದ್ದನಷ್ಟೆ, ಹುಬ್ಬಳ್ಳಿಯ ಆಸ್ಪತ್ರೆಯಿಂದ ಫೋನು ಬಂತು. ನಾಲ್ಕು ತಿಂಗಳ ಹಿಂದೆ ಆತನ ಕಿಡ್ನಿಯ ಕಲ್ಲು ತೆಗೆದದ್ದು ಅಲ್ಲಿಯೇ.

“ನಮ್ಮ ಪೈಪು ನಿಮ್ಮ ಹತ್ರನ ಉಳದೈತ್ರಿ. ತಿಂಗಳದಾಗ ಬರ್ರಿ ಅಂದಿದ್ವಿ, ನೀವು ಬರಲೇ ಇಲ್ಲ,” ಎಂದಳು ನರ್ಸ್ ವಿದ್ಯಾ. ಮುಂದಿನ ಮಾತನ್ನು ಗಿರಣಿ ನುಂಗಿತು.

ಕುಬೇರಪ್ಪ ಗಿರಣಿ ಬಂದ್ ಮಾಡಿ ಮನೆಗೆ ಓಡಿದ. ಮೂತ್ರದ ಪೈಪನ್ನು ಚೀಲದ ಸಮೇತ ತೆಗೆದೇ ಆಸ್ಪತ್ರೆಯವರು ಅಂದು ಮನೆಗೆ ಕಳಿಸಿದ್ದರು. ಮಂದಿಯ ಒಂದು ಹಿಡಿ ಹಿಟ್ಟನ್ನೂ ಇಟ್ಟುಕೊಂಡವನಲ್ಲ, ಈಗ ಪೈಪು ಕದ್ದ ಆರೋಪ!

ಹೆಂಡತಿ ಸರೋಜವ್ವ ಟ್ರಂಕು ಸುರುವಿ ಹುಡುಕಿದಳು. ನೆರವಿಗೆಂದು ಬಂದ ಪಕ್ಕದ ಮನೆಯ ಅನ್ನವ್ವ ಹುಡುಕಿದ್ದಕ್ಕಿಂತ ಓಣಿಗೆ ಹೇಳಿ ಬಂದದ್ದೇ ಹೆಚ್ಚು. ಎದುರು ಮನೆಯ ಮಲ್ಲಿಕಸಾಬ ಒಮ್ಮೆ ಅಪೆಂಡಿಕ್ಸ್ ತೆಗೆಸಿಕೊಂಡವನಾದ್ದರಿಂದ ಅರ್ಧ ಡಾಕ್ಟರನಂತೆ ಮಾತಾಡುತ್ತಿದ್ದ. ಒಂದು ಪೈಪು ಕಡಿಮೆಯಾದರೂ ಪೊಲೀಸರು ಬರುತ್ತಾರೆಂದು ಹೆದರಿಸಿ, ಬೆಳೆಗೆ ಔಷಧ ಹೊಡೆಯುವ ತನ್ನ ಪಂಪಿನ ಹಸಿರು ಪೈಪನ್ನು ಎರಡು ಮಾರು ಕತ್ತರಿಸಿ, ಸೋಪು ಹಚ್ಚಿ ತೊಳೆದು, ಟವೆಲಿನಲ್ಲಿ ಸುತ್ತಿಕೊಟ್ಟ. ಜೊತೆಗೆ ತಾನೂ ಹೊರಟ.

ತಡಸದಲ್ಲಿ ಬಸ್ಸು ನಿಂತಾಗ ಕುಬೇರಪ್ಪ ಇಳಿದು ಮೂತ್ರಕ್ಕೆ ಹೋದ. ಮೆಣಸಿನಕಾಯಿ ಅರೆದಂತೆ ಉರಿ. ಅದು ಹೆದರಿಕೆಯ ಉರಿ ಎಂದು ಮಲ್ಲಿಕಸಾಬ ತೀರ್ಪು ಕೊಟ್ಟ.

ಆಸ್ಪತ್ರೆಯಲ್ಲಿ ಕುಬೇರಪ್ಪ ಗಂಟನ್ನು ಡಾಕ್ಟರರ ಮೇಜಿನ ಮೇಲಿಟ್ಟು ಕೈಮುಗಿದ.

“ತಪ್ಪಾತ್ರಿ ಸಾಹೇಬ್ರ. ನಿಮ್ಮ ಪೈಪು ಎಷ್ಟ ಹುಡುಕಿದ್ರೂ ಸಿಗಲಿಲ್ಲ. ಇದನ್ನ ಹಾಕ್ಕೊಳ್ರಿ.”

ಡಾಕ್ಟರರು ಎರಡು ಮಾರಿನ ಹಸಿರು ಪೈಪನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. “ಇದನ್ನ ಯಾರಿಗೆ ಹಾಕೋಣ್ರಿ?”

ಆಮೇಲೆ ಎಕ್ಸ್‌ರೇ ತೆಗೆಸಿ ತೋರಿಸಿದರು. ಕಿಡ್ನಿಯಿಂದ ಮೂತ್ರಚೀಲದವರೆಗೆ, ಎರಡೂ ತುದಿ ಸುರುಳಿ ಸುತ್ತಿಕೊಂಡ ಸಣ್ಣ ನಳಿಕೆ ಆತನ ಹೊಟ್ಟೆಯೊಳಗೇ ಇತ್ತು; ಕಲ್ಲು ತೆಗೆದಾಗ ಮೂತ್ರ ಸರಾಗ ಇಳಿಯಲೆಂದು ಇಟ್ಟದ್ದು. ಅಂದು ತೆಗೆದದ್ದು ಚೀಲದ ಪೈಪು ಮಾತ್ರ. ಉರಿಗೂ ಇದೇ ಕಾರಣ.

ಕಳ್ಳನಲ್ಲವೆಂದು ಗೊತ್ತಾದ ಖುಷಿಗೆ ಕುಬೇರಪ್ಪನಿಗೆ ಆಪರೇಷನ್ನಿನ ಭಯವೇ ಆಗಲಿಲ್ಲ. ಮೂತ್ರದ ದಾರಿಯಲ್ಲಿ ದುರ್ಬೀನು ಹಾಕಿ ಎಳೆದರೆ ಐದು ನಿಮಿಷದ ಕೆಲಸ ಎಂದಿದ್ದರು. ಎರಡು ತಾಸು ಹಿಡಿಯಿತು.

ಎಚ್ಚರವಾದಾಗ ವಿದ್ಯಾ ಎಲ್ಲ ಹೇಳಿದಳು. ಇಷ್ಟು ದಿನ ಒಳಗೇ ಉಳಿದದ್ದಕ್ಕೆ ನಳಿಕೆಯ ಸುತ್ತ ಕಲ್ಲು ಬೆಳೆದಿತ್ತು. ಅದನ್ನು ಒಡೆದೇ ನಳಿಕೆ ಎಳೆಯಬೇಕಾಯಿತು. ಒಳಗೆ ಬಾವು ಬಂದದ್ದರಿಂದ ಡಾಕ್ಟರರು ಇನ್ನೊಂದು ಕೆಲಸವನ್ನೂ ಮಾಡಿದ್ದರು.

ಅಷ್ಟರಲ್ಲಿ ಸರೋಜವ್ವನ ಫೋನು ಬಂತು. “ಪೈಪು ಕೊಟ್ರೇನ್ರಿ?”

“ಹಳೇದು ಕೊಟ್ಟೆ,” ಎಂದ ಕುಬೇರಪ್ಪ ಸಣ್ಣ ದನಿಯಲ್ಲಿ. “ಹೊಸಾದು ಹಾಕಿ ಕಳಸಾಕತ್ತಾರ.”