ಹಿತ್ತಾಳೆ ಬೋಗುಣಿಯ ಪಂದ್ಯ

ನನಗೆ ‘ಬೇಡ’ ಎನ್ನುವ ಕಾಯಿಲೆಯಿದೆ. ಕಾಫಿ ಬೇಕಾ ಎಂದರೆ ಬೇಡ ಎನ್ನುತ್ತೇನೆ, ಬೇಕಾಗಿರುತ್ತದೆ. ನಮ್ಮ ಕಡೆ ಇದು ಕಾಯಿಲೆಯಲ್ಲ, ಮರ್ಯಾದೆ. ಕೇಳುವವರಿಗೂ ಅದು ಗೊತ್ತು. ಮತ್ತೆ ಮತ್ತೆ ಕೇಳಿ, ಕೊನೆಗೆ ಗದರಿ, ಲೋಟವನ್ನು ಕೈಗೆ ತುರುಕುತ್ತಾರೆ. ಸ್ವೀಡನ್ನಿನಲ್ಲಿ ಒಂದೇ ಸಲ ಕೇಳುತ್ತಾರೆ. ಬೇಡ ಎಂದರೆ ಬೇಡವೆಂದೇ ನಂಬಿ ಫ್ಲಾಸ್ಕಿನ ಮುಚ್ಚಳ ಹಾಕುತ್ತಾರೆ. ಸಂಶೋಧನೆಗೆಂದು ಟ್ರೋಲ್‌ಹೆಟ್ಟನ್‌ಗೆ ಬಂದ ಮೊದಲ ಚಳಿಗಾಲವಿಡೀ ಕಾಲೇಜಿನ ಕಾಫಿ ಬಿಡುವಿನಲ್ಲಿ, ಅವರು ಫಿಕಾ ಅನ್ನುತ್ತಾರೆ, ನಾನು ಒಣಗಂಟಲಲ್ಲಿ ಕೂತಿದ್ದೆ. ಕಾಫಿ ಹೋದರೆ ಹೋಗಲಿ. ಈ ಕಾಯಿಲೆಯಿಂದ ನನ್ನ ಹೆಂಡತಿ ವಸುಧಾಳ ಹಿತ್ತಾಳೆ ಬೋಗುಣಿ ಹೋಯಿತು. ಅದು ಹೋದ ಇತಿಹಾಸವನ್ನು ಬರೆಯುವ ಕರ್ಮವೂ ಈಗ ನನ್ನದೇ.

ಪ್ರತಿ ವರ್ಷ ಬೇಸಿಗೆ ರಜೆಗೆ ಮುಂಚೆ ನಮ್ಮ ಕಾಲೇಜಿಗೂ ಶೋವ್ಡೆಯ ಕಾಲೇಜಿಗೂ ಅಮೆರಿಕನ್ ಫುಟ್‌ಬಾಲ್ ಪಂದ್ಯ ನಡೆಯುತ್ತದೆ. ಕಾಲಿಗಿಂತ ಕೈಗೆ, ಕೈಗಿಂತ ಹೆಲ್ಮೆಟ್ಟಿಗೆ ಹೆಚ್ಚು ಕೆಲಸವಿರುವ ಆಟ ಅದು. ಚೆಂಡು ಹಿಡಿದ ತಂಡ ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಸಾಗಬೇಕು; ಆ ಹತ್ತು ಗಜ ಅಳೆಯುವ ಸರಪಳಿಯ ಮುಂದಿನ ಕೋಲು ಹಿಡಿದು ಗೆರೆಯಾಚೆ ನಿಲ್ಲುವುದು ನನ್ನ ಕೆಲಸ. ಈ ಸಲ ಪಂದ್ಯದ ನೆನಪಿಗೆ ಒಂದು ಸಂಚಿಕೆ ತರುತ್ತಾರಂತೆ. “ನೀವು ಮೊದಲಿನಿಂದ ಇದ್ದೀರಲ್ಲ” ಎಂದು ಇತಿಹಾಸ ಬರೆಯಲು ನನಗೆ ಹೇಳಿದರು. ಬರೆದೆ: ‘ಮೊದಲ ಪಂದ್ಯದ ದಿನ ಧೋ ಎಂದು ಮಳೆ.’ ವಸುಧಾ ಓದಿ, “ಎಲ್ಲಿ ಮಳೆ? ಬಿಸಿಲಿಗೆ ನನ್ನ ಮೂಗು ಸುಟ್ಟಿತ್ತು” ಎಂದಳು. ಆ ಸಾಲನ್ನು ಹೊಡೆದುಹಾಕಿದೆ. ನಮ್ಮ ತಂಡದ ಪ್ರಕಾಶನಿಗೆ ಫೋನ್ ಮಾಡಿದೆ. “ಮಳೆನೂ ಇಲ್ಲ, ಬಿಸಿಲೂ ಇಲ್ಲ ಗುರು. ಫಸ್ಟ್ ಇಯರ್ ಮ್ಯಾಚೇ ಆಗ್ಲಿಲ್ಲ. ಬಾಲ್ ತರೋನು ಟ್ರೈನ್ ಮಿಸ್ ಮಾಡ್ಕೊಂಡ. ಬರೀ ಊಟ ಆಯ್ತು” ಎಂದ. ಆದರೆ ನನಗೆ ಕೋಲು ಹಿಡಿದ ಕೈ ಮರಗಟ್ಟಿದ್ದು ನೆನಪಿದೆ! ಯಾವ ವರ್ಷದ ಕೈಯೋ. ಮೂವರ ನೆನಪೂ ಕೂಡುವುದು ಒಂದೇ ಕಡೆ: ಆ ದಿನ ವಸುಧಾ ಮಾಡಿಕೊಟ್ಟ ಬಿಸಿಬೇಳೆಬಾತು, ಅದನ್ನು ತುಂಬಿದ್ದ ಬೋಗುಣಿ.

ಉಂಡಾದ ಮೇಲೆ ಶೋವ್ಡೆಯ ನಾಯಕ ಹೆನ್ರಿಕ್ ಖಾಲಿ ಬೋಗುಣಿಯನ್ನು ತೊಳೆದು, ತಲೆಯ ಮೇಲೆತ್ತಿ ಹಿಡಿದು, ನಮ್ಮ ಪಂದ್ಯಕ್ಕೊಂದು ಬಹುಮಾನವಿಲ್ಲ, ಇದನ್ನೇ ಇಟ್ಟುಕೊಳ್ಳಬಹುದೇ ಎಂದು ಕೇಳಿದ. “ಅದಕ್ಕೇನಂತೆ, ಧಾರಾಳವಾಗಿ” ಎಂದೆ. ಛೆ ಛೆ, ಹಾಗೆಲ್ಲಾದರೂ ಉಂಟೇ ಎಂದು ಅವನು ಹಿಂದಿರುಗಿಸಬೇಕಿತ್ತು. ಥ್ಯಾಂಕ್ಸ್ ಎಂದು ಕಾರಿನಲ್ಲಿಟ್ಟುಕೊಂಡ. ಮುಂದಿನ ವರ್ಷ ಬೋಗುಣಿ ಮರದ ಪೀಠದ ಮೇಲೆ ಕೂತು ಬಂತು. ಗೆದ್ದವರ ಬಳಿ ಅದು ಇರಬೇಕೆಂಬ ನಿಯಮವಾಯಿತು. ನಾವು ಗೆಲ್ಲಲಿಲ್ಲ. ಒಮ್ಮೆಯೂ. ನಮ್ಮವರು ಹತ್ತು ಗಜಕ್ಕೆ ಅರ್ಧ ಗೇಣು ಮೊದಲೇ ಮುಗ್ಗರಿಸಿ ಬೀಳುವುದನ್ನು ನನ್ನಷ್ಟು ಹತ್ತಿರದಿಂದ ನೋಡಿದವರಿಲ್ಲ. ಕೋಲನ್ನು ಕೊಂಚ ಹಿಂದಕ್ಕೆ ಸರಿಸಿಬಿಡಲೇ ಎಂದು ಕೈ ತುರಿಸಿದ್ದುಂಟು.

ಈ ನಡುವೆ ಮೈಸೂರಿನಲ್ಲಿ ನಮ್ಮ ಅತ್ತೆ ತೀರಿಕೊಂಡರು. ಅಲ್ಲಿಗೆ ಬೋಗುಣಿಯ ವಿಷಯ ಮನೆಯಲ್ಲಿ ತಮಾಷೆಯಾಗಿ ಉಳಿಯಲಿಲ್ಲ. ಅದು ಅವರು ಮಗಳಿಗೆ ಕೊಟ್ಟದ್ದು. ಪಾತ್ರೆ ಅಂಗಡಿಯವನು ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಅವರ ಹೆಸರು ಕೆತ್ತಿಕೊಟ್ಟಿದ್ದ.

“ರೀ, ಅಮ್ಮನ ಹೆಸರಿರೋ ಸಾಮಾನು ಅಂತ ನನ್ಹತ್ರ ಇದ್ದಿದ್ದು ಅದೊಂದೇ” ಎಂದಳು ವಸುಧಾ, ಈ ವರ್ಷದ ಪಂದ್ಯಕ್ಕೆ ಇಬ್ಬರೂ ಹೊರಟಾಗ. “ಗೆದ್ದು ತರೋದು ನಿಮ್ಮ ಕೈಲಿ ಆಗಲ್ಲ. ಕೇಳಿ ತನ್ನಿ. ಅವರಾಗೇ ಕೊಡ್ತೀವಿ ಅಂದ್ರೆ ಹೂಂ ಅನ್ನಿ. ಇನ್ನೊಂದು ಸಲ ಕೇಳ್ಲಿ ಅಂತ ಕಾಯ್ಬೇಡಿ.”

ಸೋತೆವು. ಆಟ ಮುಗಿದ ಮೇಲೆ ಹೆನ್ರಿಕ್ ಬೋಗುಣಿಯನ್ನು ತಾನಾಗಿ ನನ್ನ ಬಳಿಗೇ ತಂದ. ಹೊಟ್ಟೆಯ ಸುತ್ತ ವರ್ಷ ವರ್ಷದ ಗೆಲುವನ್ನು, ಅಂಗಡಿಯವನ ಚುಕ್ಕಿಗಳನ್ನೇ ಅನುಕರಿಸಿ, ಮುದ್ದಾಗಿ ಕೊರೆಸಿದ್ದರು. ಎಲ್ಲಕ್ಕೂ ಮೇಲಿನ ಸಾಲನ್ನು ತೋರಿಸಿ, “ಇತಿಹಾಸ ಬರೀತಿದ್ದೀರಂತೆ. ಇದು ನಿಮ್ಮ ಲಿಪಿ ಅಲ್ವಾ? ಮೊದಲನೇ ವರ್ಷ ಯಾರು ಗೆದ್ರು ಅಂತ ನನಗೂ ನೆನಪಿಲ್ಲ. ಯಾವ ಟೀಮ್ ಹೆಸರು ಇದು?” ಎಂದ.

“ಟೀಮ್ ಅಲ್ಲ. ನನ್ನ ಹೆಂಡತಿಯ ತಾಯಿ. ಶಾರದಮ್ಮ.”

ಅವನ ಮುಖ ಕೆಂಪಾಯಿತು. “ಹಾಗಾದ್ರೆ ಇದು ನಿಮ್ಮ ಮನೇದು. ವಾಪಸ್ ಬೇಕಾ?”

ವಸುಧಾ ನನ್ನನ್ನೇ ನೋಡುತ್ತಿದ್ದಳು. ಹೂಂ ಎನ್ನಲು ಬಾಯಿ ತೆರೆದೆ. “ಅಯ್ಯೋ ಬೇಡ ಬೇಡ, ಇರ್ಲಿ” ಎಂದಿತು ಬಾಯಿ. ಹೆನ್ರಿಕ್ ನಿರಾಳವಾಗಿ ನನ್ನ ಬೆನ್ನು ತಟ್ಟಿದ. ಮರುಗಳಿಗೆಯೇ ಬೋಗುಣಿ ಅವನ ಹುಡುಗರ ತಲೆಗಳ ಮೇಲೆ, ಕೇಕೆಯ ನಡುವೆ, ತೇಲಿ ಹೋಗುತ್ತಿತ್ತು. ವಸುಧಾ ಏನೋ ಕೂಗಿದಳು. ಪಕ್ಕದಲ್ಲಿದ್ದ ನನಗೇ ಕೇಳಲಿಲ್ಲ.

ಮನೆಗೆ ಬಂದು, ಮುಳುಗಲೊಲ್ಲದ ಇಲ್ಲಿನ ಸಂಜೆ ಬೆಳಕಿನಲ್ಲಿ ಇತಿಹಾಸ ಬರೆಯಲು ಕೂತೆ. ಮಳೆಯನ್ನೂ ಬಿಸಿಲನ್ನೂ ಬಿಟ್ಟು ಶುರುಮಾಡಿದೆ. ‘ಮೊದಲ ವರ್ಷ. ಗೆದ್ದವರು: ಶಾರದಮ್ಮ.’ ಹಿಂದೆ ನಿಂತು ಓದಿದ ವಸುಧಾ, “ಸೋತೋರು ಯಾರು ಅಂತ ಬರೀಲಿಲ್ವಾ?” ಎಂದಳು. ನನ್ನ ಹೆಸರು ಬರೆದೆ. ಅವಳು ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ.

“ಈಗ್ಲೇ ಹೆನ್ರಿಕ್‌ಗೆ ಫೋನ್ ಮಾಡಿ ಕೇಳ್ಲಾ?” ಎಂದೆ.

“ಬೇಡ ಬಿಡಿ” ಎಂದಳು. ಅಂದವಳು ಒಳಗೆ ಹೋಗಲಿಲ್ಲ. ಬಾಗಿಲ ಹತ್ತಿರ ನಿಂತು ಮೇಜಿನ ಮೇಲಿದ್ದ ಫೋನನ್ನೂ ನನ್ನನ್ನೂ ನೋಡಿದಳು.

ಸರಿ ಎಂದುಕೊಂಡು ನಾನು ಪೆನ್ನಿನ ಮುಚ್ಚಳ ಹಾಕಿದೆ.