ಮುಸುಕಿನೊಳಗಿನ ಯಂತ್ರಕ್ಕೆ ತಾಂಡ್ರ ಮಾಡುವವಳ ಬಿನ್ನಹ

ಮಾನ್ಯರೇ,

ಸಣ್ಣ ಉದ್ದಿಮೆಗಳ ನೆರವಿನ ಯೋಜನೆಯಡಿ ಮಾಲೂರು ಕಡೆಯಿಂದ ಲಾರಿಯಲ್ಲಿ ದಯಮಾಡಿಸಿ, ಯಲ್ದೂರು ಹೋಬಳಿಯ ನಮ್ಮೂರಿನಲ್ಲಿ, ನಮ್ಮ ಯಜಮಾನರಾದ ಕೋದಂಡರಾಮಪ್ಪನವರ ಶೆಡ್ಡಿನಲ್ಲಿ ವಿರಾಜಮಾನರಾಗಿರುವ ಹಣ್ಣು ಒಣಗಿಸುವ ಯಂತ್ರದವರ ಸನ್ನಿಧಾನಕ್ಕೆ, ಅದೇ ಶೆಡ್ಡಿನ ಹೊರಗೆ ಬಿಸಿಲಿನಲ್ಲಿ ಕುಳಿತಿರುವ ಭಾರತಮ್ಮ ಮಾಡುವ ನಮಸ್ಕಾರಗಳು. ಇತ್ತ ನಾವು ಕ್ಷೇಮ. ಅತ್ತ ತಾವು ಕ್ಷೇಮವಾಗಿರುವುದನ್ನು ದಿನಾ ಕಸ ಗುಡಿಸುವಾಗ ಕಣ್ಣಾರೆ ಕಾಣುತ್ತಿರುವುದರಿಂದ ವಿಚಾರಿಸುವ ಅಗತ್ಯ ಬೀಳುವುದಿಲ್ಲ. ಪತ್ರವನ್ನು ನಾಲ್ಕು ಜನ ಓದುವಂತೆ ಬರೆಯುತ್ತಿರುವುದೇಕೆಂದರೆ, ಇದುವರೆಗೆ ತಮ್ಮ ಮುಂದೆ ನಿಂತು ಒಬ್ಬಳೇ ಹೇಳಿಕೊಂಡ ಯಾವ ಮಾತಿಗೂ ತಾವು ಉತ್ತರ ಕೊಟ್ಟಿಲ್ಲ. ಈ ವಿಷಯದಲ್ಲಿ ತಾವು ತಮ್ಮನ್ನು ಕಳಿಸಿದ ಇಲಾಖೆಗಿಂತ ಕಡಿಮೆಯೇನಲ್ಲ.

ಬಂದಾಗಿನಿಂದ ಮುಸುಕಿನೊಳಗೇ ಇರುವುದರಿಂದ ನಮ್ಮ ಕಸುಬಿನ ಪರಿಚಯ ತಮಗೆ ಆಗಿರಲಿಕ್ಕಿಲ್ಲ. ನಾವು ಊರಿನ ಕೆಲವು ಹೆಂಗಸರು ಗುಂಪು ಕಟ್ಟಿಕೊಂಡು, ಮಂಡಿಗೆ ಹೋಗದೆ ಉಳಿದ ತೋತಾಪುರಿ ಮಾವಿನಹಣ್ಣಿನ ರಸ ಹಿಂಡಿ, ಬೆಲ್ಲ ಬೆರೆಸಿ, ಚಾಪೆಯ ಮೇಲೆ ತೆಳ್ಳಗೆ ಬಳಿದು ಬಿಸಿಲಿಗಿಡುತ್ತೇವೆ. ಅದು ಒಣಗಿದ ಮೇಲೆ ಇನ್ನೊಂದು ಪದರ, ಅದರ ಮೇಲೆ ಮತ್ತೊಂದು, ಹೀಗೆ ಬೆರಳ ದಪ್ಪ ಬರುವವರೆಗೆ ಬಳಿದು, ಕತ್ತರಿಸಿ, ಸುತ್ತಿ ಮಾರುತ್ತೇವೆ. ಇದೇ ತಾಂಡ್ರ. ಬಿಸಿಲಿಗೆ ಬಾಡಿಗೆ ಇಲ್ಲ, ಗಾಳಿಗೆ ಲೈಸೆನ್ಸ್ ಬೇಕಿಲ್ಲ. ನಮಗೆ ಇದ್ದ ಭಯ ಒಂದೇ, ಅದು ಮಾವಿನ ಕಾಲದ ಮಳೆ. ಹಸಿ ತಾಂಡ್ರಕ್ಕೆ ನೀರು ಸೋಕಿತೋ, ಬೂಷ್ಟು ಹಿಡಿದು ವರ್ಷದ ವ್ಯಾಪಾರವೆಲ್ಲ ತಿಪ್ಪೆಗೆ. ಆದ್ದರಿಂದ ಮೋಡ ಕಂಡ ಕೂಡಲೇ ಚಾಪೆ ಎತ್ತಿಕೊಂಡು ಶೆಡ್ಡಿನೊಳಗೆ ಓಡುತ್ತಿದ್ದೆವು. ಚಾಪೆ ಹೆಚ್ಚಾಗಿ ಜಾಗ ಸಾಲದಾದಾಗ, ಇನ್ನೊಂದು ಶೆಡ್ಡು ಹಾಕಿಸಿಕೊಡಿ ಎಂದು ಸರ್ಕಾರವನ್ನು ಕೇಳಿದೆವು. ಯೋಜನೆಯಲ್ಲಿ ಶೆಡ್ಡು ಇಲ್ಲ, ಯಂತ್ರ ಇದೆ ಎಂದರು. ಸೂರು ಕೇಳಿದವರ ಮನೆಗೆ ತಮ್ಮನ್ನು ಕಳಿಸಿ, ಇದ್ದ ಸೂರನ್ನೂ ತಮಗೇ ಕೊಡಿಸಿದ ಆ ಔದಾರ್ಯವನ್ನು ನೆನೆದಾಗ ನನಗೆ ಈಗಲೂ ಕಣ್ಣಲ್ಲಿ ನೀರು ಬರುತ್ತದೆ.

ತಾವು ಬಂದ ದಿನ ನಾವು ಮರ್ಯಾದೆಯಲ್ಲಿ ಕೊರತೆ ಮಾಡಲಿಲ್ಲ. ಆರತಿ ಎತ್ತಿದೆವು, ಕಾಯಿ ಒಡೆದೆವು, ಕಾಲಿನ ಕೆಳಗೆ ನಿಂಬೆಹಣ್ಣು ಇಟ್ಟೆವು. ತಲೆಯಿಂದ ಬುಡದವರೆಗೆ ನೀಲಿ ಟಾರ್ಪಾಲಿನ ಮುಸುಕು ಹೊದ್ದಿದ್ದ ತಮ್ಮ ಮೈಯಲ್ಲಿ ಹೊರಗೆ ಕಾಣುತ್ತಿದ್ದುದು ಮುಂಭಾಗದ ಕಿಂಡಿಯೊಂದೇ, ಅದರೊಳಗೆ ಕಪ್ಪು ಚುಕ್ಕೆಗಳ ಒಂದು ಬಿಳಿ ಚೌಕ. ಸೆರಗಿನೊಳಗಿಂದ ಇಣುಕುವ ಹೊಸ ಸೊಸೆಯ ಮುಖದ ಹಾಗಿದ್ದ ಆ ಚೌಕಕ್ಕೆ, ನಮ್ಮ ಗುಂಪಿನ ಹಿರಿಯಳಾದ ದೊಡ್ಡಗಂಗಮ್ಮ, ಹರಳೆಣ್ಣೆಯಲ್ಲಿ ಕಲಸಿದ ಅರಿಶಿನ ಬಳಿದು, ನಡುವೆ ಕಾಸಗಲ ಕುಂಕುಮದ ಬೊಟ್ಟಿಟ್ಟಳು. ಅದು ಮುಖವಲ್ಲ, ಇಲಾಖೆಯವರು ಫೋನಿನಲ್ಲಿ ಹಿಡಿದು ನೋಡುವ ಕ್ಯೂಆರ್ ಕೋಡು ಎಂದು ತಿಳಿದದ್ದು ಆಮೇಲೆ. ಒರೆಸಲು ಹೋದಾಗ ಕುಂಕುಮದ ಜೊತೆ ಅರ್ಧ ಚುಕ್ಕೆಗಳೂ ಬಟ್ಟೆಗೆ ಬಂದವು. ಬೈದರೆ ದೊಡ್ಡಗಂಗಮ್ಮ, "ಬೊಟ್ಟು ಮುಖಕ್ಕಿಡದೆ ಬೆನ್ನಿಗಿಡ್ತಾರಾ ಭಾರತೀ?" ಎಂದು ನನ್ನನ್ನೇ ಕೇಳಿದಳು.

ತಮ್ಮನ್ನು ಪರಿಶೀಲಿಸಲು ಬಂದ ಅನಿಲ್‌ಕುಮಾರ್ ಎಂಬ ಅಧಿಕಾರಿಗಳು ಬಹಳ ಸಜ್ಜನರು. ತಮ್ಮ ಸುತ್ತ ಪ್ರದಕ್ಷಿಣೆ ಹಾಕಿದರು, ತಟ್ಟಿ ನೋಡಿದರು, ಬಗ್ಗಿ ನೋಡುವಾಗ ತಲೆಗೆ ತಾಗಿಸಿಕೊಂಡು ನೆತ್ತಿ ಉಜ್ಜಿಕೊಂಡರು. ನಂತರ ನೊಂದ ದನಿಯಲ್ಲಿ, "ಮಿಷಿನ್ ಇದೆ ಅಮ್ಮಾ, ಆದ್ರೆ ಫೋನಲ್ಲಿ ಇಲ್ಲ. ಫೋನಲ್ಲಿ ಇಲ್ದೇ ಇರೋದನ್ನ ಇದೆ ಅಂತ ನಾನ್ ಹೆಂಗ್ ಬರೀಲಿ?" ಎಂದರು. ಹೊಸ ಚೌಕ ಕಂಪನಿಯಿಂದ ಬರಬೇಕು. ಅದು ಬಂದ ಮೇಲೆ ಪರಿಶೀಲನೆ. ಪರಿಶೀಲನೆ ಆದ ಮೇಲೆ ತಮಗೆ ಬೇಕಾದ ಮೂರು ಫೇಸಿನ ಕರೆಂಟು. ಕರೆಂಟು ಬಂದ ಮೇಲೆ ಮುಸುಕು ತೆಗೆಯುವ ಶಾಸ್ತ್ರ. ಅಲ್ಲಿಯವರೆಗೆ ತಮ್ಮನ್ನು ಕದಲಿಸುವಂತಿಲ್ಲ, ಮುಟ್ಟುವಂತಿಲ್ಲ, ಮುಸುಕು ಸರಿಸುವಂತಿಲ್ಲ. ಮದುವೆಯಾಗಿ ಬಂದಾಗ ನನಗೂ ಇಷ್ಟು ಕಟ್ಟಳೆ ಇರಲಿಲ್ಲ.

ಹಾಗೆಂದು ತಮ್ಮ ಗುಣಗಳನ್ನು ನಾನು ಮರೆಮಾಚುವವಳಲ್ಲ. ತಾವು ಬೀಡಿ ಸೇದುವುದಿಲ್ಲ, ಊಟಕ್ಕೆ ಇದು ಬೇಡ ಅದು ಬೇಡ ಎನ್ನುವುದಿಲ್ಲ, ನಮ್ಮ ಯಜಮಾನರ ಹಾಗೆ ಮಧ್ಯಾಹ್ನ ಗೊರಕೆ ಹೊಡೆಯುವುದಿಲ್ಲ. ಶೆಡ್ಡಿನ ಕೋಳಿಗಳು ತಮ್ಮ ನೆತ್ತಿಯ ಮೇಲೆ ಕಾವಿಗೆ ಕೂತು ಮರಿ ಮಾಡಿರುವುದನ್ನು ಯೋಜನೆಯ ಸಾಧನೆಯಾಗಿ ದಾಖಲಿಸಲು ನಮ್ಮ ಅಭ್ಯಂತರ ಏನೂ ಇಲ್ಲ.

ಇನ್ನು ನಮ್ಮಿಂದಾದ ತಪ್ಪಿನ ವಿಚಾರಕ್ಕೆ ಬರುತ್ತೇನೆ. ಕೊನೆಯ ಪದರ ಬಳಿದು, ಇನ್ನೊಂದು ಬಿಸಿಲು ಬಿದ್ದರೆ ಕತ್ತರಿಸುವುದೇ ಎಂದು ಕುಳಿತಿದ್ದ ದಿನ, ಮುಳಬಾಗಿಲು ದಿಕ್ಕಿನಿಂದ ಮೋಡ ಎದ್ದು ಬಂತು. ಅಂಗಳದ ತುಂಬ ಚಾಪೆ, ಶೆಡ್ಡಿನ ತುಂಬ ತಾವು. ಮನೆಯೊಳಗೆ ಹಿಡಿದಷ್ಟು ಚಾಪೆ ಹಿಡಿಯಿತು, ಉಳಿದವಕ್ಕೆ ಜಾಗವಿಲ್ಲ. ಹಸಿ ತಾಂಡ್ರವನ್ನು ಒಂದರ ಮೇಲೊಂದು ಪೇರಿಸುವಂತೆಯೂ ಇಲ್ಲ. ಆಗ ನಮ್ಮ ಗುಂಪಿನ ಮುನಿಲಕ್ಷ್ಮಿ, "ಅಕ್ಕಾ, ಅವನು ನೆನೆಯಲ್ಲ, ಒಳಗವ್ನೆ. ಅವನ ಮುಸುಕು ಯಾಕೆ ದಂಡ?" ಎಂದವಳೇ ತಮ್ಮ ಹಗ್ಗ ಬಿಚ್ಚಿದಳು. ಕೋಳಿಗಳು ಒಂದು ಕಡೆ, ನಾವು ಒಂದು ಕಡೆ. ಮಡಿಕೆ ಬಿಚ್ಚಿದರೆ ಆ ಮುಸುಕು ಮದುವೆ ಚಪ್ಪರದಷ್ಟಿತ್ತು. ನಾಲ್ಕು ಮೂಲೆಗೆ ನಾಲ್ವರು ನಿಂತು, ಮಳೆ ನಿಲ್ಲುವವರೆಗೆ ಅದನ್ನು ತಲೆಯ ಮೇಲೆತ್ತಿ ಹಿಡಿದೆವು. ದೊಡ್ಡಗಂಗಮ್ಮ ನಡುವೆ ನಿಂತು ಮುಸುಕಿನ ಮೇಲೆ ನಿಂತ ನೀರನ್ನು ಪೊರಕೆಯ ಹಿಡಿಯಿಂದ ಮೇಲಕ್ಕೆ ತಳ್ಳುತ್ತಿದ್ದಳು. ಅವಳು ತಳ್ಳಿದ ನೀರು ನಮ್ಮ ತಲೆಯ ಮೇಲೇ ಬಿತ್ತು. ನಾವು ತೊಯ್ದು ತೊಪ್ಪೆಯಾದೆವು, ತಾಂಡ್ರಕ್ಕೆ ಒಂದು ಹನಿಯೂ ಸೋಕಲಿಲ್ಲ. ಸರ್ಕಾರದ ನೆರವು ಕೊನೆಗೂ ನಮ್ಮ ಕೈಗೆ ಸಿಕ್ಕಿತಲ್ಲ ಎಂದು ಅವತ್ತು ನಿಜವಾಗಿ ಸಂತೋಷಪಟ್ಟೆ.

ಮುಸುಕನ್ನು ಒಣಹಾಕಿದ್ದ ಹೊತ್ತಿಗೆ ಸರಿಯಾಗಿ ಅನಿಲ್‌ಕುಮಾರ್ ಸಾಹೇಬರು ಮತ್ತೆ ದಯಮಾಡಿಸಿದರು. ಅವರ ವರದಿ ಬಂದಿದೆ: ಅನುಮತಿಯಿಲ್ಲದೆ ಮುಸುಕು ತೆಗೆಯಲಾಗಿದೆ, ಯಂತ್ರ ಚಾಲನೆಯಲ್ಲಿಲ್ಲ, ಘಟಕದಲ್ಲಿ ಉತ್ಪಾದನೆ ಇಲ್ಲ. ಯಂತ್ರದಿಂದ ಹೊರಬಂದರೆ ಮಾತ್ರ ಉತ್ಪಾದನೆಯಂತೆ, ಬಿಸಿಲಿನಿಂದ ಬಂದದ್ದು ಲೆಕ್ಕಕ್ಕಿಲ್ಲವಂತೆ. ಉತ್ಪಾದನೆ ಇಲ್ಲದವರಿಗೆ ಕೋಲಾರದ ಮಾವು ಮೇಳದಲ್ಲಿ ಮಳಿಗೆಯೂ ಇಲ್ಲ. ನಮ್ಮ ತಾಂಡ್ರದಲ್ಲಿ ಮುಕ್ಕಾಲು ಪಾಲು ಮಾರಾಟವಾಗುವುದು ಆ ಮೇಳದಲ್ಲಿ. ಮಳೆಯಿಂದ ಉಳಿಸಿಕೊಂಡದ್ದನ್ನು ವರದಿಯಿಂದ ಉಳಿಸಿಕೊಳ್ಳುವುದು ಹೇಗೆಂದು ನಮಗೆ ಗೊತ್ತಿಲ್ಲ. ಆದರೆ ಮೇಳದ ಬ್ಯಾನರಿನಲ್ಲಿ ತಾವು ಬಂದ ದಿನ ತೆಗೆದ ತಮ್ಮ ಚಿತ್ರ ಹಾಕಿಸುತ್ತಾರಂತೆ, ಮಗ್ಗುಲಲ್ಲಿ ಆರತಿ ತಟ್ಟೆ ಹಿಡಿದು ನಗುತ್ತಿರುವ ನಾನೂ ಇದ್ದೇನಂತೆ. ಚಿತ್ರಕ್ಕೆ ಪ್ರವೇಶವುಂಟು, ನನಗಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಮ್ರ ಕೋರಿಕೆ. ತಮ್ಮನ್ನು ಕದಲಿಸಬಾರದು ಎಂದು ನಿಯಮವಿದೆಯೇ ಹೊರತು ತಾವೇ ಕದಲಬಾರದು ಎಂದು ಎಲ್ಲೂ ಬರೆದಿಲ್ಲ. ಒಂದು ಒಳ್ಳೆಯ ದಿನ ನೋಡಿ, ರಾಹುಕಾಲ ಕಳೆದ ಮೇಲೆ, ತಾವೇ ಎದ್ದು ಇಲಾಖೆಯ ಕಚೇರಿಗೆ ದಯಮಾಡಿಸಬೇಕು. ಬಸ್ಸಿನಲ್ಲಿ ಹೆಂಗಸರ ಸೀಟು ಬಿಟ್ಟುಕೊಡಲು ನಾವು ಸಿದ್ಧ. ನಮ್ಮ ಮಾತಿಗಿಂತ ತಮ್ಮ ಮಾತಿಗೆ ಅಲ್ಲಿ ತೂಕ ಹೆಚ್ಚು. ಒಣಗಿಸಲು ಆ ಹೆಂಗಸರಿಗೆ ಬಿಸಿಲು ಸಾಕು, ಮಳೆಗೆ ಒಂದು ಸೂರು ಬೇಕು, ಮಾರಲು ಒಂದು ಮಳಿಗೆ ಬೇಕು, ಮುಂದಿನ ಸಲ ಯೋಜನೆ ಮಾಡುವಾಗ ಏನು ಬೇಕು ಎಂದು ಮೊದಲು ಕೇಳಿ ಆಮೇಲೆ ಲಾರಿ ಹತ್ತಿಸಿ ಎಂದು ತಾವೇ ಹೇಳಬೇಕು. ಅಷ್ಟು ದೂರ ನಡೆಯಲಾಗದಿದ್ದರೆ ಶೆಡ್ಡಿನಿಂದ ಹುಣಸೆಮರದವರೆಗಾದರೂ ಹೋಗಿ ನಿಲ್ಲಿ, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ. ಮುಸುಕನ್ನು ಮಾತ್ರ ವಾಪಸು ಕೇಳಬೇಡಿ. ನಮಗೆ ಬಂದಿರುವ ನೆರವು ಅದೊಂದೇ.

ತಮ್ಮ ದೆಸೆಯಿಂದ ಬಿಸಿಲಿಗೆ ಬಿದ್ದಿದ್ದರೂ,
ತಮ್ಮ ವಿಶ್ವಾಸಿ,
ಭಾರತಮ್ಮ

ವಿ.ಸೂ.: ಅನಿಲ್‌ಕುಮಾರ್ ಸಾಹೇಬರು ಆ ದಿನ ಹೊರಡುವಾಗ ಒಂದು ಸುರುಳಿ ತಾಂಡ್ರವನ್ನು ಮನೆಗೆ ಕಟ್ಟಿಸಿಕೊಂಡು ಹೋಗಿದ್ದರು. ಇವತ್ತು ಬೆಳಿಗ್ಗೆ ಫೋನ್ ಮಾಡಿ, "ಮನೇಲೆಲ್ಲಾ ತುಂಬಾ ಇಷ್ಟ ಆಯ್ತಮ್ಮಾ, ಇನ್ನೊಂದಿಷ್ಟು ಇದ್ಯಾ?" ಎಂದು ಕೇಳಿದರು. ಅಂಗಳದಲ್ಲಿ ರಾಶಿ ಬಿದ್ದಿದೆ. ಆದರೂ ಸರ್ಕಾರದ ವರದಿಯನ್ನು ಸುಳ್ಳು ಮಾಡುವ ಧೈರ್ಯ ನನಗೆಲ್ಲಿಂದ ಬರಬೇಕು? "ಇಲ್ಲ ಸಾರ್, ತಾವೇ ಬರ್ಕೊಟ್ಟಿದ್ದೀರಲ್ಲ" ಎಂದೆ.